ಲ್ಯಾಂಡಿಸ್ ನೆಲಮಾಳಿಗೆಯ ಹೆಣ್ಣುಗಳು

ಫೆಬ್ರುವರಿ ಹತ್ತನೆಯ ತಾರೀಕು, ಸೋಮವಾರ. ಬೆಳಗಿನ ಎಂಟು ಗಂಟೆ ಇನ್ನೂ ಆಗಿರಲಿಲ್ಲ. ಒಹಾಯೊದ ಆಲ್ಡೆನ್‌ಬರ್ಗ್ ಠಾಣೆಯಲ್ಲಿ ಫೋನ್ ಬಡಿದುಕೊಂಡಾಗ ಸಾರ್ಜೆಂಟ್ ಬಕ್ಲಿ ಕಾಫಿಯ ಮೊದಲ ಗುಟುಕನ್ನೂ ಇಳಿಸಿರಲಿಲ್ಲ.

"ನಮ್ಮನೆ ನೆಲಮಾಳಿಗೆಯಿಂದ ಹದಿನಾಲ್ಕು ಹೆಣ್ಣುಗಳನ್ನ ಎತ್ಕೊಂಡು ಹೋಗಿದಾರೆ ಸಾರ್!"

ಲೋಟ ಬಕ್ಲಿಯ ಕೈಯಲ್ಲೇ ನಿಂತಿತು. "ನೆಲಮಾಳಿಗೆಯಿಂದ? ಹೆಣ್ಣುಗಳನ್ನ? ವಯಸ್ಸೆಷ್ಟು?"

"ಮೂರು, ನಾಲ್ಕು ವರ್ಷ. ಒಂದೆರಡಕ್ಕೆ ಆರು ತುಂಬಿದೆ."

ಬಕ್ಲಿ ಕುರ್ಚಿ ಬಿಟ್ಟೆದ್ದ. ಇನ್ನೊಂದು ಕೈಯಿಂದ ಠಾಣೆಯಲ್ಲಿದ್ದವರಿಗೆಲ್ಲ ಸನ್ನೆ ಮಾಡುತ್ತ, "ಗುರುತು ಹೇಳಿ, ಬೇಗ" ಎಂದ.

"ಹಳದಿ ಮೈ, ಕಪ್ಪು ಚುಕ್ಕೆ. ಬಾಲ ಮಾತ್ರ ಸ್ವಲ್ಪ ಸಣ್ಣಗಾಗಿದೆ."

"ಹಲ್ಲಿಗಳಾ?" ಎಂದು ಬಕ್ಲಿ ಗಟ್ಟಿಯಾಗಿ ಕೇಳಿದ. ಆಮೇಲೆ ಠಾಣೆಯೇ ಬಿದ್ದು ಬಿದ್ದು ನಕ್ಕಿತು. ನಗದೆ ಉಳಿದವನು ಇನ್ಸ್‌ಪೆಕ್ಟರ್ ಗ್ಲೆನ್ ಹ್ರೂಸ್ಕ ಒಬ್ಬನೇ. ಆ ದೂರು ಯಾರ ತಲೆಗೆ ಬರುತ್ತದೆಂದು ಅವನಿಗೆ ಆಗಲೇ ಗೊತ್ತಾಗಿತ್ತು. ತನಿಖೆಗೆಂದು ಆ ಊರಿಗೆ ಇದ್ದವರು ಇಬ್ಬರು. ಒಬ್ಬ ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದ. ಹ್ರೂಸ್ಕನ ಮೇಜಿನ ಮೇಲೆ ಮಾದಕದ್ರವ್ಯ ಮಿತಿಮೀರಿ ಸತ್ತವರ ಕಡತಗಳು ಮೊಣಕೈ ಎತ್ತರ ಬೆಳೆದಿದ್ದವು. ಅದರ ಮೇಲೀಗ ಹಲ್ಲಿ.

"ಹೋಗಪ್ಪ ಗ್ಲೆನ್," ಬಕ್ಲಿ ಕಣ್ಣೊರೆಸಿಕೊಂಡ. "ಗೋಡೆ ಮೇಲೆ ನೋಡೋದು ಮರೀಬೇಡ."

ಹ್ರೂಸ್ಕ ಕೋಟು ಹಾಕಿಕೊಂಡ. ಜೊತೆಗೆ ಬಂದವಳು ಕಾನ್‌ಸ್ಟೇಬಲ್ ಯೋಲಾಂಡಾ ಪ್ರೂಯಿಟ್. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಇನ್ನೂ ದಣಿದಿರಲಿಲ್ಲ.

ದೂರುದಾರನ ಹೆಸರು ಕರ್ಟ್ ಲ್ಯಾಂಡಿಸ್. ವಯಸ್ಸು ನಲವತ್ತೈದರ ಆಸುಪಾಸು, ಕಸುಬು ಸಾಕು ಹಲ್ಲಿಗಳ ತಳಿ ಬೆಳೆಸಿ ಮಾರುವುದು. ಗೆಕೊ ಎನ್ನುವ, ಚಿರತೆಯ ಹಾಗೆ ಚುಕ್ಕೆಯಿರುವ ಜಾತಿ. ಭಾನುವಾರ ನಸುಕಿನಲ್ಲೇ ಹೊರಟು ಕೊಲಂಬಸ್‌ನ ಸರೀಸೃಪ ಮೇಳಕ್ಕೆ ಹೋಗಿದ್ದಾಗಿಯೂ, ತಡವಾಗಿ ಬಂದು ಮಲಗಿದ್ದಾಗಿಯೂ, ಬೆಳಿಗ್ಗೆ ಹುಳು ಹಾಕಲು ಕೆಳಗಿಳಿದಾಗ ಡಬ್ಬಿಗಳು ಖಾಲಿಯಿದ್ದದ್ದು ಕಂಡಿತೆಂದೂ ಹೇಳಿಕೆ ಕೊಟ್ಟ.

ಮನೆಯ ಹಿಂಬದಿಯಿಂದ ನೆಲಮಾಳಿಗೆಗೆ ನೇರವಾಗಿ ಇಳಿಯುವ ಬಾಗಿಲಿತ್ತು. ಅಂಕಿ ಒತ್ತಿ ತೆರೆಯುವ ಬೀಗ. ಒಡೆದ ಗುರುತಿಲ್ಲ, ಗೀರೂ ಇಲ್ಲ. ಒಳಗೆ ಬೆಚ್ಚಗಿತ್ತು. ಹೊಟ್ಟಿನ ವಾಸನೆ, ಹುಳುವಿನ ವಾಸನೆ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಪ್ಲಾಸ್ಟಿಕ್ ಡ್ರಾಯರುಗಳು, ಒಂದೊಂದರಲ್ಲೂ ಒಂದೊಂದು ಹಲ್ಲಿ. ಪ್ರೂಯಿಟ್ ಫೋಟೊ ತೆಗೆಯುತ್ತ ಹೋದಳು. ಹ್ರೂಸ್ಕ ಸ್ಥಳ ಮಹಜರು ಬರೆದುಕೊಂಡ.

"ಇಲ್ಲಿರೋದ್ರಲ್ಲಿ ಬೆಲೆ ಜಾಸ್ತಿ ಯಾವುದಕ್ಕೆ?"

ಲ್ಯಾಂಡಿಸ್ ಮೇಲಿನ ಸಾಲನ್ನು ತೋರಿಸಿದ. ಅಚ್ಚ ಬಿಳಿಯ, ಕೆಂಗಣ್ಣಿನ ಹಲ್ಲಿಗಳು. ಒಂದೂ ಅಲುಗಿರಲಿಲ್ಲ.

"ಇವನ್ನ ಬಿಟ್ಟು ಅವನ್ನ ಯಾಕೆ ತಗೊಂಡ?"

"ನನ್ನನ್ನ ಯಾಕ್ರೀ ಕೇಳ್ತೀರಿ? ಕಳ್ಳನ್ನ ಕೇಳಿ. ಇದೇ ತಿಂಗಳು ಮೊಟ್ಟೆ ಇಡೋ ಕಾಲ ಶುರು. ಹೆಣ್ಣುಗಳೇ ಇಲ್ಲದೆ ನಾನು ಈ ವರ್ಷ ಏನು ಮಾಡ್ಲಿ?"

ಹ್ರೂಸ್ಕ ಖಾಲಿ ಡ್ರಾಯರುಗಳ ಮುಂದೆ ಮಂಡಿ ಊರಿ ಕುಳಿತ. ಮಂಡಿ ಲಟಕ್ಕೆಂದಿತು. ಕಳ್ಳ ಅವಸರದಲ್ಲಿದ್ದ ಹಾಗೆ ಕಾಣಲಿಲ್ಲ. ಪ್ರತಿ ಡ್ರಾಯರನ್ನೂ ಮತ್ತೆ ಒಳಕ್ಕೆ ತಳ್ಳಿ ಮುಚ್ಚಿದ್ದ. ಹಲ್ಲಿ ಅಡಗುವ ಗೂಡನ್ನೂ ಒದ್ದೆ ಪಾಚಿಯನ್ನೂ ಜೊತೆಗೇ ಒಯ್ದಿದ್ದ. ಪ್ರತಿ ಡ್ರಾಯರಿನ ಮೂಲೆಯಲ್ಲಿ ಬಾಟಲಿ ಮುಚ್ಚಳವೊಂದು ಮಾತ್ರ ಉಳಿದಿತ್ತು.

"ಇದೇನು?"

"ಕ್ಯಾಲ್ಸಿಯಂ ಪುಡಿ ಇಡೋದಕ್ಕೆ. ಬೇಕಾದಾಗ ನೆಕ್ಕುತ್ತವೆ."

ಮುಚ್ಚಳದಲ್ಲಿ ಪುಡಿ ಇರಲಿಲ್ಲ, ಧೂಳಿತ್ತು. ಹ್ರೂಸ್ಕ ಅದನ್ನೂ ಬರೆದುಕೊಂಡ. ಬರೆದದ್ದರಿಂದ ಏನು ಉಪಯೋಗವೆಂದು ಅವನಿಗೆ ಗೊತ್ತಿರಲಿಲ್ಲ.

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನು ಬಂತು? ಟ್ರಾವಿಸ್ ನೆಫ್. ನನ್ನ ಹತ್ರ ಕೆಲಸಕ್ಕಿದ್ದ. ಅಕ್ಟೋಬರ್‌ನಲ್ಲಿ ಓಡಿಸಿದೆ. ಬೀಗದ ಅಂಕಿ ಅವನಿಗೆ ಗೊತ್ತು. ಔಷಧಿ ಅಂಗಡಿ ಬಾಗಿಲು ಮುರಿದು ಜೈಲಿಗೆ ಹೋಗಿ ಬಂದವನು. ಇನ್ನೇನು ಬೇಕು ನಿಮಗೆ?"

"ಅವನನ್ನ ಓಡಿಸಿದ ಮೇಲೂ ಅಂಕಿ ಬದಲಾಯಿಸ್ಲಿಲ್ವ?"

ಲ್ಯಾಂಡಿಸ್ ಬಿಳಿ ಹಲ್ಲಿಗಳ ಡ್ರಾಯರುಗಳನ್ನು ಒಂದೊಂದಾಗಿ ಮುಚ್ಚತೊಡಗಿದ.

ಅಷ್ಟರಲ್ಲಿ ಪ್ರೂಯಿಟ್ ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸಿ ಬಂದಳು. ಎದುರುಮನೆಯ ಟ್ವೈಲಾ ಹೆಸ್‌ಗೆ ಎಂಬತ್ತು ದಾಟಿತ್ತು. ಹಗಲೆಲ್ಲ ಕಿಟಕಿ ಬಿಟ್ಟು ಏಳದ ಹೆಂಗಸು. "ಭಾನುವಾರ ಪೂರ್ತಿ ನಾನಿಲ್ಲೇ ಕೂತಿದ್ದೆ ಮಗಳೇ. ಊಟದ ವ್ಯಾನ್ ಬಿಟ್ರೆ ಒಂದು ನಾಯಿನೂ ಬರ್ಲಿಲ್ಲ" ಎಂದಿದ್ದಳಂತೆ. ಪ್ರೂಯಿಟ್ ಅದನ್ನು ಹಾಗೆಯೇ ಬರೆದು ಸಹಿ ಹಾಕಿಸಿಕೊಂಡಿದ್ದಳು.

ಟ್ರಾವಿಸ್ ನೆಫ್ ಟೈರಿನ ಅಂಗಡಿಯಲ್ಲಿ ಸಿಕ್ಕಿದ. ಮೂವತ್ತರ ಒಳಗಿನ ಆಳು. ಜೈಲಿನಿಂದ ಬಂದು ವರ್ಷವಾಗಿರಲಿಲ್ಲ. ಸನ್ನಡತೆಯ ಷರತ್ತಿನ ಮೇಲೆ ಹೊರಗಿದ್ದ. ಕಾರು ಕಂಡದ್ದೇ ತಡ, ಸ್ಪ್ಯಾನರ್ ಕೆಳಗಿಟ್ಟು ಕೈ ಎರಡೂ ಕಾಣುವಂತೆ ನಿಂತ. ಯಾರೂ ಅವನಿಗೆ ಹಾಗೆ ನಿಲ್ಲಲು ಹೇಳಿರಲಿಲ್ಲ.

ಠಾಣೆಯಲ್ಲಿ ವಿಚಾರಣೆ.

"ಭಾನುವಾರ ಎಲ್ಲಿದ್ದೆ?"

"ಅಕ್ಕನ ಮನೇಲಿ. ಗ್ಯಾರೇಜಲ್ಲಿ ಮಲಗಿದ್ದೆ. ಜ್ವರ."

"ನೋಡಿದವರು?"

"ಅಕ್ಕ ಕೆಲಸಕ್ಕೆ ಹೋಗಿದ್ಲು. ಯಾರೂ ಇಲ್ಲ."

"ಲ್ಯಾಂಡಿಸ್ ಮನೆ ಬೀಗದ ಅಂಕಿ ಗೊತ್ತಾ?"

"ಗೊತ್ತು. ಊರಿಗೆಲ್ಲ ಗೊತ್ತಿರುತ್ತೆ. ಅವನು ಹುಟ್ಟಿದ ಇಸವಿ ಸಾರ್ ಅದು."

"ಯಾಕೆ ಓಡಿಸಿದ ನಿನ್ನ?"

"ಜಗಳ ಆಯ್ತು. ಆ ಹೆಣ್ಣುಗಳಿಗೆ ಬರೋ ವರ್ಷ ಬಿಡುವು ಕೊಡಿ ಅಂದೆ. ಕ್ಯಾಲ್ಸಿಯಂ ಪುಡಿ ಮುಗಿದು ಎಷ್ಟೋ ತಿಂಗಳಾಯ್ತು, ತರಿಸಿ ಅಂದೆ. ನೀನೇನು ಅವುಗಳ ಗಂಡನೇನೋ ಅಂದ."

"ಆ ಸಿಟ್ಟಿಗೆ ಎತ್ಕೊಂಡು ಹೋದೆ."

"ಎತ್ಕೊಂಡು ಹೋಗೋನಾಗಿದ್ರೆ ಬಿಳೀವು ಎತ್ತಿರ್ತಿದ್ದೆ ಸಾರ್. ಆ ಹೆಣ್ಣುಗಳನ್ನ ಯಾರು ಕೊಳ್ತಾರೆ? ನಡೆಯೋಕೇ ಆಗಲ್ಲ ಅವಕ್ಕೆ."

"ಹಾಗಾದ್ರೆ ಯಾರು ತಗೊಂಡಿರಬಹುದು?"

"ನನಗೇನೂ ಗೊತ್ತಿಲ್ಲ."

"ಯೋಚಿಸಿ ಹೇಳು."

"ಯೋಚಿಸೋದೇನಿದೆ? ಗೊತ್ತಿಲ್ಲ ಅಂದ್ನಲ್ಲ."

ಅದುವರೆಗೂ ನೆಲ ನೋಡಿಕೊಂಡು ಮಾತಾಡಿದವನು ಆ ಎರಡು ಮಾತನ್ನು ಮಾತ್ರ ಮುಖ ಕೊಟ್ಟು ಹೇಳಿದ. ಸುಳ್ಳು ಹೇಳುವುದು ಅಭ್ಯಾಸವಿಲ್ಲದವರು ಹಾಗೆ ಮಾಡುತ್ತಾರೆ. ಹ್ರೂಸ್ಕನಿಗೆ ಅದು ತಿಳಿಯಿತು. ಆದರೆ ಅದರಾಚೆ ಕೆದಕುವ ತ್ರಾಣ ಆ ಸಂಜೆ ಅವನಲ್ಲಿರಲಿಲ್ಲ. ಷರತ್ತಿನ ಬಿಡುಗಡೆಯ ಅಧಿಕಾರಿಗೆ ನಿಯಮದಂತೆ ತಿಳಿಸಿದ. ಆತ ಹಿಂದೆ ಮುಂದೆ ನೋಡಲಿಲ್ಲ. ಮಾರನೆಯ ದಿನವೇ ಟ್ರಾವಿಸ್‌ನನ್ನು ಜಿಲ್ಲಾ ಜೈಲಿಗೆ ಹಾಕಿದರು. ಶುಕ್ರವಾರ ನ್ಯಾಯಾಧೀಶರ ಮುಂದೆ ಹಾಜರಿ. ಬಿಡುಗಡೆ ರದ್ದಾದರೆ ಉಳಿದ ಶಿಕ್ಷೆಯಷ್ಟನ್ನೂ ಒಳಗೇ ಕಳೆಯಬೇಕು.

ಕೇಸು ಮುಗಿದಂತೆಯೇ ಎಂದು ಬಕ್ಲಿ ಬೆನ್ನು ತಟ್ಟಿದ. ಆದರೆ ಹಲ್ಲಿಗಳು ಸಿಕ್ಕಿರಲಿಲ್ಲ. ಮಂಗಳವಾರ ಮಧ್ಯಾಹ್ನ ಹ್ರೂಸ್ಕ, ಲ್ಯಾಂಡಿಸ್ ಕೊಟ್ಟಿದ್ದ ಫೋಟೊಗಳನ್ನು ಹಿಡಿದು ಪಕ್ಕದೂರಿನ ಪಶುವೈದ್ಯೆ ಮಾರ್ಗೊ ಫಿಂಚ್ ಬಳಿಗೆ ಹೋದ. ಸುತ್ತಲಿನಲ್ಲಿ ಹಲ್ಲಿ, ಹಾವುಗಳನ್ನು ನೋಡುತ್ತಿದ್ದವಳು ಅವಳೊಬ್ಬಳೇ.

ಫಿಂಚ್ ಒಂದು ಫೋಟೊವನ್ನು ದೀಪದ ಕೆಳಗೆ ಹಿಡಿದಳು. "ಈ ದವಡೆ ನೋಡಿ. ಕೆಳಗಿಂದು ಸೊಟ್ಟ. ಮುಟ್ಟಿದ್ರೆ ರಬ್ಬರ್ ಥರ ಇರುತ್ತೆ. ಮುಂಗಾಲು ಬಿಲ್ಲಿನ ಹಾಗೆ ಬಾಗಿದೆ."

"ಹೊಡೆದಿದಾರ?"

"ಹೊಡೀಬೇಕಾಗಿಲ್ಲ. ಮೊಟ್ಟೆಗೆ, ಒಳಗಿನ ಮರಿಗೆ ಸುಣ್ಣದಂಶ ಬೇಕು. ತಾಯಿಗೆ ಆಹಾರದಲ್ಲಿ ಸಿಕ್ಕಿದ್ರೆ ಸರಿ. ಸಿಗದಿದ್ರೆ ಮೊಟ್ಟೆ ನಿಲ್ಲಲ್ಲ ಇನ್ಸ್‌ಪೆಕ್ಟರ್. ತಾಯಿ ಮೈ ತನ್ನ ಮೂಳೆನೇ ಕರಗಿಸಿ ಕೊಡುತ್ತೆ. ಎರಡು ಮೊಟ್ಟೆ, ಮತ್ತೆರಡು, ಮತ್ತೆರಡು, ಬೇಸಿಗೆ ಮುಗಿಯೋವರೆಗೂ. ಬಾಲದಲ್ಲಿ ಕೂಡಿಟ್ಟ ಕೊಬ್ಬು ಹೋಗುತ್ತೆ, ಆಮೇಲೆ ಮೂಳೆ."

"ವಾಸಿ ಆಗಲ್ವ?"

"ಬೇಗ ಹಿಡಿದ್ರೆ ಆಗುತ್ತೆ. ದ್ರವದ ಕ್ಯಾಲ್ಸಿಯಂ, ಬೆಳಕು, ತಾಳ್ಮೆ. ಬಾಗಿದ್ದು ಮಾತ್ರ ನೆಟ್ಟಗಾಗಲ್ಲ."

"ಇಂಥವನ್ನ ಯಾರಾದ್ರೂ ಮಾರೋಕೆ ಕದೀತಾರಾ?"

"ಇಲ್ಲ," ಎಂದಳು ಫಿಂಚ್. ಆಮೇಲೆ ಫೋಟೊಗಳನ್ನು ಒಟ್ಟು ಮಾಡಿ ಅವನ ಕೈಗೆ ಕೊಡುತ್ತ, "ಈ ವಾರ ನನ್ನ ಹತ್ರ ಯಾರು ಔಷಧಿ ತಗೊಂಡ್ರು ಅಂತ ಕೇಳಬೇಡಿ. ಕೋರ್ಟಿನ ವಾರಂಟ್ ತಂದ್ರೆ ಹೇಳ್ತೀನಿ" ಎಂದಳು. ಅವನಿನ್ನೂ ಕೇಳಿರಲಿಲ್ಲ.

ವಾರಂಟಿಗೆ ಅರ್ಜಿ ಬರೆಯಲೆಂದು ಬುಧವಾರ ಬೆಳಿಗ್ಗೆ ಕಡತ ಬಿಚ್ಚಿ ಕುಳಿತ. ಕಿಟಕಿಯಾಚೆ ಹಿಮವೂ ಮಳೆಯೂ ಅಲ್ಲದ್ದು ಏನೋ ಬೀಳುತ್ತಿತ್ತು. ಹೇಳಿಕೆಗಳನ್ನು ಒಂದೊಂದಾಗಿ ಓದುತ್ತ ಟ್ವೈಲಾ ಹೆಸ್‌ಳ ಹೇಳಿಕೆಗೆ ಬಂದ. ಊಟದ ವ್ಯಾನ್ ಬಿಟ್ಟರೆ ಯಾರೂ ಬರಲಿಲ್ಲ.

ಹ್ರೂಸ್ಕ ಪೆನ್ನು ಕೆಳಗಿಟ್ಟ. ಅವನ ಅಪ್ಪನಿಗೂ ಅದೇ ವ್ಯಾನಿನಿಂದ ಊಟ ಬರುತ್ತಿತ್ತು. ಒಂಟಿಯಾಗಿರುವ ಮುದುಕರಿಗೆ ಊರಿನ ಹಿರಿಯರ ಕೇಂದ್ರದವರು ಮಧ್ಯಾಹ್ನಕ್ಕೆ ಬಿಸಿ ಅಡುಗೆ ಕಳಿಸುತ್ತಾರೆ, ವಾರಕ್ಕೆ ಐದು ದಿನ. ಶನಿವಾರ, ಭಾನುವಾರ ಕಳಿಸುವುದಿಲ್ಲ. ಕಳಿಸದ್ದರಿಂದಲೇ ಹ್ರೂಸ್ಕ ಭಾನುವಾರ ಸೂಪ್ ಹಿಡಿದು ಅಪ್ಪನ ಮನೆಗೆ ಹೋಗುವುದು, "ಇದಕ್ಕಿಂತ ಆ ಹೆಂಗಸಿನ ಕೈ ಅಡುಗೆ ವಾಸಿ ಕಣೋ" ಎಂದು ಅನ್ನಿಸಿಕೊಂಡು ಬರುವುದು.

ಅವನು ಕೇಂದ್ರಕ್ಕೆ ಫೋನ್ ಮಾಡಿದ. "ಭಾನುವಾರ ನಿಮ್ಮ ವ್ಯಾನ್ ಎಲ್ಲಿತ್ತು?"

"ಬರ್ನಡೀನ್ ಹತ್ರ ಇರುತ್ತೆ ಸಾರ್. ಬರ್ನಡೀನ್ ಕೋಟ್ಸ್, ಅಡುಗೆ ಮಾಡಿ ಊಟ ಹಂಚೋರು. ವಾರದ ಕೊನೇಲಿ ಅವರ ಮನೆ ಮುಂದೇನೇ ನಿಲ್ಲಿಸ್ಕೊಳ್ತಾರೆ. ಯಾಕೆ, ಏನಾದ್ರೂ ಆಯ್ತಾ? ಈ ವಾರ ಪಾಪ ಹುಷಾರಿಲ್ಲ ಅಂತ ರಜ ಹಾಕಿದಾರೆ."

ಪ್ರೂಯಿಟ್ ಮತ್ತೆ ಟ್ವೈಲಾ ಹೆಸ್ ಬಳಿಗೆ ಹೋದಳು.

"ಊಟದ ವ್ಯಾನ್ ಯಾರ ಮನೆಗೆ ಬಂತು ಅಜ್ಜಿ?"

"ಎದುರುಮನೆಗೆ. ಆ ಹೆಂಗಸು ಕೋಲೂರಿಕೊಂಡು ಹಿತ್ತಲ ಕಡೆ ಹೋದ್ಲು. ಬೆಳ್ಳಿ ಬಣ್ಣದ ದಪ್ಪ ಚೀಲ ಇರುತ್ತಲ್ಲ, ಊಟ ಆರದ ಹಾಗೆ? ಅದನ್ನೇ ಹೊತ್ಕೊಂಡು ಹೋದ್ಲು, ಬಂದ್ಲು. ಎಷ್ಟೋ ಸಲ."

"ನಿಮಗೆ ವಿಚಿತ್ರ ಅನ್ನಿಸ್ಲಿಲ್ವ?"

"ಅವನೇನೂ ಊಟ ತರಿಸ್ಕೊಳ್ಳೋ ವಯಸ್ಸಿನವನಲ್ಲ, ಇಷ್ಟೊಂದು ಊಟ ಯಾಕೆ ಅಂದ್ಕೊಂಡೆ. ನನ್ನನ್ನ ಯಾರು ಕೇಳಿದ್ರು?"

ಹೊರಗೆ ಮೈ ಕೊರೆಯುವ ಚಳಿ. ಒಳಗಿನದು ಬೆಚ್ಚಗಿರಬೇಕೆಂದು ತಯಾರಾದ ಚೀಲ. ಉಳಿದದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ಶೋಧನೆಯ ವಾರಂಟ್ ಕೈಗೆ ಬಂತು. ಬರ್ನಡೀನ್ ಕೋಟ್ಸ್ ಮನೆ ರೈಲು ಹಳಿಯ ಆಚೆ, ಒಂದೇ ಅಂತಸ್ತಿನ ಪುಟ್ಟ ಮನೆ. ಅಂಗಳದಲ್ಲಿ ವ್ಯಾನ್ ನಿಂತಿತ್ತು. ಹ್ರೂಸ್ಕ ಬಾಗಿಲು ತಟ್ಟಿದ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಧ್ವನಿ ಬಂತು. "ತೆಗೆದೇ ಇದೆ ಬನ್ನಿ. ನನ್ನ ಕೈ ಬಿಡುವಿಲ್ಲ."

ಅರವತ್ತರ ಹೊಸ್ತಿಲಲ್ಲಿದ್ದ ಹೆಂಗಸು ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದಳು. ಪಕ್ಕದಲ್ಲಿ ಊರುಗೋಲು. ಗೋಡೆಯ ಬಿಸಿಕೊಳವೆಯ ಉದ್ದಕ್ಕೂ ಡಬ್ಬಿಗಳ ಸಾಲು. ಅವಳ ಎಡ ಅಂಗೈಯಲ್ಲಿ ಒಂದು ಹಲ್ಲಿ ಮಲಗಿತ್ತು. ಚರ್ಮದ ಕೆಳಗೆ ಬೆನ್ನೆಲುಬು ಎಣಿಸುವಂತಿತ್ತು. ಬಲಗೈಯ ಡ್ರಾಪರ್‌ನಿಂದ ಅದರ ಮೂತಿಯ ಮೇಲೆ ಒಂದು ತೊಟ್ಟು ಬಿಳಿಯದ್ದು ಬಿಟ್ಟಳು. ಹಲ್ಲಿ ಸುಮ್ಮನಿತ್ತು. ಅವಳೂ ಸುಮ್ಮನಿದ್ದಳು. ಇಬ್ಬರು ಪೊಲೀಸರೂ ಬಾಗಿಲಲ್ಲೇ ಸುಮ್ಮನೆ ನಿಂತರು. ಕೊನೆಗೆ ಪುಟ್ಟ ನಾಲಿಗೆ ಹೊರಬಂದು ಆ ತೊಟ್ಟನ್ನು ನೆಕ್ಕಿತು.

"ಜಾಣೆ," ಎಂದಳು ಬರ್ನಡೀನ್. ಆಮೇಲೆ ತಲೆಯೆತ್ತಿದಳು. "ಹತ್ತು ಇದಾವೆ. ನಾಲ್ಕು ಹೋದ್ವು. ನೆಲ ಕಲ್ಲಾಗಿದೆ, ಹೂಳೋಕಾಗ್ಲಿಲ್ಲ. ಫ್ರೀಜರ್‌ನಲ್ಲಿ ಇಟ್ಟಿದೀನಿ, ನಿಮ್ಮ ಲೆಕ್ಕಕ್ಕೆ ಬೇಕಾಗುತ್ತೆ ಅಂತ."

ಹ್ರೂಸ್ಕ ನಿಯಮದ ಮಾತು ಹೇಳಿದ. ಸುಮ್ಮನಿರುವ ಹಕ್ಕಿದೆ, ವಕೀಲರನ್ನು ಕರೆಸಿಕೊಳ್ಳುವ ಹಕ್ಕಿದೆ. ಅವಳು ಕೇಳಿಸಿಕೊಂಡು, ಹಲ್ಲಿಯನ್ನು ಡಬ್ಬಿಗೆ ಬಿಟ್ಟು, ಕೈ ತೊಳೆದುಕೊಂಡಳು.

"ಇವು ನನ್ನ ಮನೇಲೇ ಹುಟ್ಟಿದ್ವು. ಸೊಂಟ ಮುರೀತು, ಮೆಟ್ಟಿಲಿನ ಮನೆ ಬಿಟ್ಟೆ, ಇವನ್ನ ಅವನಿಗೆ ಮಾರಿದೆ. ಎರಡು ವರ್ಷ ಮೊಟ್ಟೆ ಇಟ್ಟವಕ್ಕೆ ಮೂರನೇ ವರ್ಷ ಬಿಡುವು ಕೊಡ್ತೀನಿ ಅಂತ ಕೈ ಮೇಲೆ ಕೈ ಇಟ್ಟು ಹೇಳಿದ್ದ. ಸೆಪ್ಟೆಂಬರ್ ಮೇಳದಲ್ಲಿ ಅವನ ಮೇಜಿನ ಮೇಲೆ ಒಂದನ್ನ ನೋಡಿದೆ. ಹಣೆ ಮೇಲಿನ ಚುಕ್ಕೆ ಇರ್ಲಿಲ್ಲ ಅಂದಿದ್ರೆ ಗುರುತೇ ಸಿಕ್ತಿರ್ಲಿಲ್ಲ."

"ವಾಪಸ್ ಕೊಡು ಅಂತ ಕೇಳಿದ್ರಾ?"

"ಕೊಟ್ಟಿದ್ದಕ್ಕಿಂತ ಹೆಚ್ಚಿಗೆ ಕೊಡ್ತೀನಿ ಅಂದೆ. ನಕ್ಕ. ಪ್ರಾಣಿಗಳನ್ನ ನೋಡ್ಕೊಳ್ಳೋ ಕಚೇರಿಗೆ ಹೇಳಿದೆ, ನಾಯಿ ಬೆಕ್ಕು ಆದ್ರೆ ಬರ್ತೀವಿ ಅಂದ್ರು. ನಿಮ್ಮ ಠಾಣೆಗೂ ಫೋನ್ ಮಾಡಿದ್ದೆ. ಅಲ್ಲೂ ನಕ್ಕರು."

ಯಾರು ನಕ್ಕರೆಂದು ಹ್ರೂಸ್ಕ ಕೇಳಲಿಲ್ಲ.

"ಆ ಮೆಟ್ಟಿಲು ಹೇಗೆ ಇಳಿದ್ರಿ?" ಪ್ರೂಯಿಟ್ ತಡೆಯಲಾರದೆ ಕೇಳಿದಳು.

"ಕೂತ್ಕೊಂಡು, ತಾಯಿ. ಒಂದೊಂದೇ ಮೆಟ್ಟಿಲು ಕೂತ್ಕೊಂಡು ಇಳಿದೆ. ಹತ್ತೋವಾಗ ಚೀಲ ಒಂದು ಮೆಟ್ಟಿಲು ಮೇಲಿಡೋದು, ನಾನು ಒಂದು ಮೆಟ್ಟಿಲು ಹತ್ತೋದು."

"ಸಿಕ್ಕಿಬೀಳ್ತೀನಿ ಅಂತ ಗೊತ್ತಿತ್ತಲ್ವ?"

"ಸೋಮವಾರವೇ ಬರ್ತೀರಿ ಅಂದ್ಕೊಂಡಿದ್ದೆ. ದಿನಾ ಒಂದೊಂದು ತೊಟ್ಟು ಹೆಚ್ಚಿಗೆ ಸಿಕ್ತಲ್ಲ ಅಂತ ಖುಷಿಪಟ್ಟೆ. ಇಷ್ಟು ತಡ ಯಾಕೆ ಮಾಡಿದ್ರಿ?"

"ಬೇರೆಯವರನ್ನ ಹಿಡಿದಿದ್ವಿ," ಎಂದ ಹ್ರೂಸ್ಕ. "ಟ್ರಾವಿಸ್ ನೆಫ್."

ಅವಳ ಕೈಯಲ್ಲಿದ್ದ ಟವೆಲ್ ಮೇಜಿನ ಮೇಲೆ ಬಿತ್ತು.

"ಆ ಹುಡುಗನ್ನ? ಯಾಕೆ?"

"ನಾಳೆ ಕೋರ್ಟಿಗೆ ಹಾಜರು. ಬಿಡುಗಡೆ ರದ್ದಾಗಬಹುದು."

"ಅವನು ನನ್ನ ಹೆಸರು ಹೇಳಲಿಲ್ವ?"

"ಇಲ್ಲ."

"ಮೇಳದಲ್ಲಿ ನಾನು ಅತ್ತಿದ್ದು ನೋಡಿದಾನೆ. ಇಂಥದ್ದು ಮಾಡೋಳು ನಾನೊಬ್ಬಳೇ ಅಂತ ಅವನಿಗೆ ಗೊತ್ತು." ಅವಳು ಊರುಗೋಲು ಹಿಡಿದು ಎದ್ದಳು. ಎದ್ದ ರಭಸಕ್ಕೆ ಒಮ್ಮೆ ವಾಲಿ ಮೇಜು ಹಿಡಿದುಕೊಂಡಳು. "ನನ್ನ ಕೋಟು ಕೊಡಮ್ಮ. ಆ ಬಾಗಿಲ ಹಿಂದಿದೆ. ಇನ್ಸ್‌ಪೆಕ್ಟರ್, ನಡೀರಿ. ಇನ್ನೇನು ನೋಡ್ತಿದೀರಿ? ನಡೀರಿ ಅಂದ್ನಲ್ಲ!"

ಆ ಕೇಸಿನಲ್ಲಿ ಅವಸರ ಮಾಡಿದ್ದು ಆರೋಪಿಯೊಬ್ಬಳೇ.

ಹತ್ತು ಹಲ್ಲಿಗಳು ಕಳವಿನ ಮಾಲು. ಪತ್ತೆಯಾದ ಮಾಲನ್ನು ಯಜಮಾನನಿಗೆ ಒಪ್ಪಿಸಬೇಕು. ಲ್ಯಾಂಡಿಸ್ ಆಗಲೇ ಎರಡು ಸಲ ಫೋನ್ ಮಾಡಿ ಕೇಳಿದ್ದ. ಹ್ರೂಸ್ಕ ಅಡುಗೆಮನೆಯಲ್ಲಿ ನಿಂತೇ ಜಪ್ತಿ ಪಂಚನಾಮೆ ಬರೆದ. ಕೊನೆಯಲ್ಲಿ, ಇವು ಸಾಕ್ಷ್ಯವಾದ್ದರಿಂದಲೂ ಜೀವಂತವಿರುವುದರಿಂದಲೂ ಕೋರ್ಟಿನ ಆದೇಶದವರೆಗೆ ಪಶುವೈದ್ಯೆ ಮಾರ್ಗೊ ಫಿಂಚ್ ವಶದಲ್ಲಿ ಇರತಕ್ಕದ್ದು ಎಂದು ಸೇರಿಸಿದ. ಫಿಂಚ್ ಬರುವವರೆಗೆ ಪ್ರೂಯಿಟ್ ಅಲ್ಲೇ ಕಾಯುವುದೆಂದಾಯಿತು. ಡ್ರಾಪರ್ ಹಿಡಿಯುವುದು ಹೇಗೆಂದು ಬರ್ನಡೀನ್ ಅವಳಿಗೆ ತೋರಿಸಿಕೊಟ್ಟಳು. "ಬಾಯಿ ತೆರೆಸೋಕೆ ಹೋಗಬೇಡ, ದವಡೆ ಕಿತ್ತು ಬರುತ್ತೆ. ಮೂತಿ ಮೇಲೆ ಬಿಟ್ಟು ಕಾಯಿ. ಅವಕ್ಕೇ ತೋಚಬೇಕು."

ಠಾಣೆಯಲ್ಲಿ ಹ್ರೂಸ್ಕ ಹೇಳಿಕೆಯನ್ನು ಟೈಪ್ ಮಾಡಿದ. ಅತಿಕ್ರಮ ಪ್ರವೇಶ, ಕಳವು, ಎರಡನ್ನೂ ಒಪ್ಪಿಕೊಂಡಳು. ವಕೀಲರು ಬೇಡವೆಂದಳು. ಟ್ರಾವಿಸ್‌ಗೆ ಇದರಲ್ಲಿ ಯಾವ ಪಾತ್ರವೂ ಇಲ್ಲವೆಂಬ ಸಾಲನ್ನು ಮೂರು ಸಲ ಓದಿಸಿ ಕೇಳಿದಳು. ಉಳಿದದ್ದು ಉದ್ದೇಶ.

"ಯಾಕೆ ಮಾಡಿದ್ರಿ ಅಂತ ಬರೀಬೇಕು."

"ಹೇಳಿದ್ನಲ್ಲ."

"ಅಷ್ಟೇನಾ?"

ಅವಳು ಕೋಲಿನ ಹಿಡಿಯನ್ನು ನೇವರಿಸಿದಳು. ಆಮೇಲೆ ಯಾರದೋ ಸಂಗತಿ ಹೇಳುವವಳ ಹಾಗೆ ಹೇಳಿದಳು.

"ನಮ್ಮದು ವೆಸ್ಟ್ ವರ್ಜೀನಿಯಾದ ಗಣಿ ಊರು. ಅಮ್ಮನಿಗೆ ಒಂಬತ್ತು ಮಕ್ಕಳು. ಹಾಲು ಅನ್ನೋದು ಮನೆಗೆ ಬಂದ್ರೆ ನಮಗೆ, ಅವಳಿಗಲ್ಲ. ಮೂವತ್ತಾರಕ್ಕೆ ಅವಳ ಬಾಯಲ್ಲಿ ಒಂದು ಹಲ್ಲೂ ಇರ್ಲಿಲ್ಲ. ಕೊನೇ ಬಸುರಿನಲ್ಲಿ ಒಂದಿನ ಜಗಲಿ ಇಳಿದ್ಲಂತೆ. ಬೀಳ್ಲಿಲ್ಲ, ಜಾರ್ಲಿಲ್ಲ, ಸುಮ್ಮನೆ ಕಾಲಿಟ್ಲು. ಕಾಲು ಮುರೀತು. ಮೂಳೆ ಸತ್ವನೆಲ್ಲ ಮಗು ಎಳ್ಕೊಂಡಿದೆ ಅಂದ ಡಾಕ್ಟರ್. ಅಷ್ಟೇ ಅಂದು ಹೋದ. ಆಮೇಲೆ ಅವಳು ನೆಟ್ಟಗೆ ನಡೆದಿದ್ದನ್ನ ಯಾರೂ ನೋಡ್ಲಿಲ್ಲ."

"ಆ ಮಗು?"

"ನಾನೇ."

ಹ್ರೂಸ್ಕ ಅದನ್ನೂ ಟೈಪ್ ಮಾಡಿದ. ಕಾಗದ ಹೊರತೆಗೆದು ಅವಳ ಮುಂದಿಟ್ಟ. ಅವಳು ಕನ್ನಡಕ ಏರಿಸಿ ಕೊನೆಯವರೆಗೂ ಓದಿದಳು. ಕೆಳಗಿನ ಸಾಲುಗಳ ಮೇಲೆ ಬೆರಳಿಟ್ಟಳು.

"ಇದನ್ನ ತೆಗೆದುಬಿಡಿ. ಲ್ಯಾಂಡಿಸ್‌ನ ವಕೀಲ ಇದನ್ನ ಜೋರಾಗಿ ಓದ್ತಾನೆ. ಅಮ್ಮನ ಕಾಲಿನ ವಿಷಯ ಊರಿನವರಿಗೆ ಯಾಕೆ?"

"ಇದಿದ್ರೆ ನಿಮಗೇ ಒಳ್ಳೇದು. ಜಡ್ಜ್ ಕನಿಕರ ತೋರಿಸಬಹುದು."

"ಬೇಡ ಅಂದ್ನಲ್ಲಪ್ಪ."

ಅವನು ತೆಗೆದ. ಹೊಸ ಪ್ರತಿಗೆ ಅವಳು ಸಹಿ ಹಾಕಿದಳು. ಅಷ್ಟು ಹೊತ್ತಿಗೆ ಜಿಲ್ಲಾ ಜೈಲಿನಿಂದ ಫೋನ್ ಬಂದಿತ್ತು. ಟ್ರಾವಿಸ್ ನೆಫ್‌ನನ್ನು ಸಂಜೆಗೆ ಬಿಡುತ್ತಿದ್ದರು.

ಮಾರ್ಚ್ ಕೊನೆಯಲ್ಲಿ ಕೇಸು ನ್ಯಾಯಾಲಯಕ್ಕೆ ಬಂತು. ಫಿಂಚ್ ಕೊಟ್ಟ ವರದಿ ಬಹಿರಂಗವಾಗಿ ಓದುವಂಥದ್ದಲ್ಲವೆಂದು ಲ್ಯಾಂಡಿಸ್‌ಗೆ ಅವನ ವಕೀಲನೇ ತಿಳಿಹೇಳಿದ. ಹಲ್ಲಿಗಳ ಮೇಲಿನ ಹಕ್ಕನ್ನು ಅವನು ಬಿಟ್ಟುಕೊಟ್ಟ, ದೂರನ್ನು ಬಿಡಲಿಲ್ಲ. ಹಲ್ಲಿಗಳು ಫಿಂಚ್ ಬಳಿಯೇ ಉಳಿದವು. ಬರ್ನಡೀನ್ ಕೋಟ್ಸ್ ತಪ್ಪೊಪ್ಪಿಕೊಂಡಳು. ಜೈಲು ತಪ್ಪಿತು. ಆದರೆ ಎರಡು ವರ್ಷ ಮನೆಯಲ್ಲಿ ಯಾವ ಪ್ರಾಣಿಯನ್ನೂ ಸಾಕಕೂಡದೆಂದು ಆದೇಶವಾಯಿತು. ವ್ಯಾನಿನ ಕೀಲಿಯನ್ನು ಹಿರಿಯರ ಕೇಂದ್ರದವರು ವಾಪಸ್ ಪಡೆದರು. ಅಡುಗೆಯ ಕೆಲಸದಲ್ಲಿ ಮಾತ್ರ ಉಳಿಸಿಕೊಂಡರು. ಆ ದಿನ ಹ್ರೂಸ್ಕ ನ್ಯಾಯಾಲಯದ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ, ಎದ್ದು, ಇನ್ನೊಂದು ಸಾವಿನ ಸ್ಥಳಕ್ಕೆ ಹೋದ.

ಕಡತ ದಾಖಲೆಕೋಣೆ ಸೇರಿತು. ಅದರಲ್ಲಿ ಉದ್ದೇಶ ಎಂಬಲ್ಲಿ ಒಂದೇ ಸಾಲಿದೆ: ಪ್ರಾಣಿಗಳು ಬಳಲಿದ್ದವೆಂದು ಆರೋಪಿಗೆ ಅನ್ನಿಸಿತ್ತು.